ಇಪ್ಪತ್ತನಾಲ್ಕು ಮರಿಗಳಲ್ಲಿ ಯಾವ ನಾಲ್ಕು?



ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಒಂದು ಹೆಣ್ಣು ಗೋಸುಂಬೆ ಮಣ್ಣಿನಲ್ಲಿ ಹುದುಗಿಸಿಟ್ಟ ಮೊಟ್ಟೆಗಳಿಂದ 24 ಮರಿಗಳು ಹೊರಬಂದಿವೆ ಎಂದುಕೊಳ್ಳಿ. ಅವುಗಳನ್ನು ಸಾಕುತ್ತಿರುವವರ ಬಳಿ ಮುಂದಿನ ಪೀಳಿಗೆಗಾಗಿ ನಾಲ್ಕನ್ನು ಉಳಿಸಿಕೊಳ್ಳುವಷ್ಟು ಮಾತ್ರ ಜಾಗವಿದೆ. ಅವರು ಯಾವ ನಾಲ್ಕನ್ನು ಉಳಿಸಿಕೊಳ್ಳಬೇಕು?

ಇದರಲ್ಲೇನು ಕಷ್ಟ, ಎಲ್ಲಕ್ಕಿಂತ ದೊಡ್ಡವು, ಎಲ್ಲಕ್ಕಿಂತ ಚೆಂದದ ಬಣ್ಣದವು ಯಾವುವೋ ಅವನ್ನು ಎತ್ತಿಟ್ಟುಕೊಂಡರಾಯಿತು ಎಂದು ನೀವು ಹೇಳಬಹುದು. ಆದರೆ ಎರಡು ತೊಡಕುಗಳಿವೆ. ಹುಟ್ಟಿದ ದಿನ 24 ಮರಿಗಳೂ ಹೆಚ್ಚುಕಡಿಮೆ ಒಂದೇ ಗಾತ್ರದ, ಒಂದೇ ಮಾಸಲು ಕಂದು ಬಣ್ಣದ ಪುಟ್ಟ ಜೀವಿಗಳು. ಬಣ್ಣ ಬರಲು ತಿಂಗಳುಗಳು ಬೇಕು, ಅದೂ ಗಂಡುಗಳಿಗೆ ಮಾತ್ರ. ಇನ್ನು ಗಾತ್ರದ ವ್ಯತ್ಯಾಸ ನಾಲ್ಕಾರು ವಾರಗಳಲ್ಲಿ ಕಾಣಿಸಿಕೊಂಡರೂ ಅದು ಹುಟ್ಟಿನಿಂದ ಬಂದದ್ದೋ, ಹೊಟ್ಟೆ ತುಂಬ ತಿಂದದ್ದರಿಂದ ಬಂದದ್ದೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ.

ತಳಿಯ ಆಯ್ಕೆ ಎಂದರೆ ಕಣ್ಣಿಗೆ ಕಾಣುವ ಲಕ್ಷಣದಿಂದ ಕಾಣದ ಗುಣವನ್ನು ಅಂದಾಜು ಮಾಡುವ ಕೆಲಸ. ಬಿತ್ತನೆಗೆ ರಾಗಿ ತೆನೆ ಆರಿಸುವ ರೈತ, ಬೀಜದ ಗೂಡು ಆರಿಸುವ ರೇಷ್ಮೆ ತಜ್ಞ, ಹೋರಿ ಆರಿಸುವ ಹೈನುಗಾರ ಎಲ್ಲರೂ ಮಾಡುವುದು ಇದನ್ನೇ. ಗೋಸುಂಬೆಯಲ್ಲಿ ಈ ಕೆಲಸದ ಕಷ್ಟಗಳೆಲ್ಲ ಒಂದೇ ಕಡೆ ಎದ್ದು ಕಾಣುತ್ತವೆ. ಆದ್ದರಿಂದಲೇ ಈ ಉದಾಹರಣೆ.

ಎಲ್ಲಿಯ ಗೋಸುಂಬೆ?

ನಾವು ನೋಡಲಿರುವುದು ಮಡಗಾಸ್ಕರ್ ದ್ವೀಪದ ಪ್ಯಾಂಥರ್ ಗೋಸುಂಬೆ. ವಿಜ್ಞಾನಿಗಳು ಇದನ್ನು ಫರ್ಸಿಫರ್ ಪಾರ್ಡಾಲಿಸ್ ಎನ್ನುತ್ತಾರೆ. ಲೋಕದಲ್ಲಿ 200ಕ್ಕೂ ಹೆಚ್ಚು ಜಾತಿಯ ಗೋಸುಂಬೆಗಳಿದ್ದು ಅವುಗಳಲ್ಲಿ ಸುಮಾರು ಅರ್ಧದಷ್ಟು ಆಫ್ರಿಕದ ಪೂರ್ವಕ್ಕಿರುವ ಈ ಒಂದು ದ್ವೀಪದಲ್ಲಿವೆ. ಪ್ಯಾಂಥರ್ ಗೋಸುಂಬೆ ದ್ವೀಪದ ಉತ್ತರ ಮತ್ತು ಪೂರ್ವ ಕರಾವಳಿಯ ತಗ್ಗು ಪ್ರದೇಶದಲ್ಲಿ, ಕಾಡಂಚಿನ ಪೊದೆಗಳಲ್ಲಿ, ರಸ್ತೆ ಬದಿಯ ಮರಗಳಲ್ಲಿ, ತೋಟಗಳಲ್ಲಿ ವಾಸಿಸುತ್ತದೆ.

ಇದರ ವಿಶೇಷವೆಂದರೆ ಒಂದೊಂದು ಊರಿನ ಗಂಡಿಗೆ ಒಂದೊಂದು ಬಣ್ಣ. ನೋಸಿ ಬೆ ಎಂಬ ನಡುಗಡ್ಡೆಯ ಗಂಡುಗಳು ಹಸಿರು ಬೆರೆತ ನೀಲಿ. ಅಂಬಿಲೋಬೆ ಪಟ್ಟಣದ ಸುತ್ತಲಿನವು ಪಟ್ಟೆಪಟ್ಟೆಯಾಗಿ ನೀಲಿ, ಕೆಂಪು, ಹಸಿರು. ಹೆಣ್ಣುಗಳು ಮಾತ್ರ ಎಲ್ಲಿಯವಾದರೂ ಕಂದು ಇಲ್ಲವೇ ಮಾಸಲು ಗುಲಾಬಿ. ಹೆಣ್ಣನ್ನು ನೋಡಿ ಅದರ ಊರು ಹೇಳುವುದು ಪಳಗಿದವರಿಗೂ ಕಷ್ಟ.

ಜಿನೀವಾ ಮತ್ತು ಅಂಟಾನಾನರಿವೊ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಸೇರಿ 324 ಗೋಸುಂಬೆಗಳ ಒಂದೊಂದು ಹನಿ ರಕ್ತವನ್ನೂ ಛಾಯಾಚಿತ್ರಗಳನ್ನೂ ಸಂಗ್ರಹಿಸಿ ಹೋಲಿಸಿದರು. 2015ರಲ್ಲಿ ಪ್ರಕಟವಾದ ಅವರ ಫಲಿತಾಂಶ ಅಚ್ಚರಿ ಹುಟ್ಟಿಸಿತು. ಊರಿಂದೂರಿಗೆ ಬಣ್ಣ ಮಾತ್ರವಲ್ಲ, ವಂಶವೂ ಬೇರೆಯಾಗಿತ್ತು. ಒಂದು ಜಾತಿ ಎಂದು ನಾವು ತಿಳಿದಿರುವುದು ನಿಜಕ್ಕೂ 11 ಜಾತಿಗಳಿರಬಹುದು ಎಂದು ಅವರು ಸೂಚಿಸಿದರು.

ಅಮೆರಿಕ ಮತ್ತು ಯೂರೋಪಿನಲ್ಲಿ ಈ ಗೋಸುಂಬೆಯನ್ನು ಗಾಜಿನ ಮತ್ತು ಜಾಲರಿಯ ಗೂಡುಗಳಲ್ಲಿ ಸಾಕಿ ಮರಿ ಮಾಡಿಸುವವರು ಹಲವರಿದ್ದಾರೆ. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಡಿ, 1995ರಲ್ಲಿ, ನಾಲ್ಕು ಜಾತಿಗಳನ್ನು ಬಿಟ್ಟು ಮಡಗಾಸ್ಕರಿನ ಮಿಕ್ಕ ಗೋಸುಂಬೆಗಳ ವ್ಯಾಪಾರವನ್ನು ನಿಲ್ಲಿಸುವಂತೆ ಸದಸ್ಯ ರಾಷ್ಟ್ರಗಳಿಗೆ ಸೂಚಿಸಲಾಯಿತು. ಹೊರಗಿಟ್ಟ ಆ ನಾಲ್ಕರಲ್ಲಿ ಪ್ಯಾಂಥರ್ ಗೋಸುಂಬೆಯೂ ಒಂದು. ಕಾಡಿನಿಂದ ಹಿಡಿಯುವುದು ಕಡಿಮೆಯಾಗಬೇಕಾದರೆ ಗೂಡಿನಲ್ಲೇ ಹುಟ್ಟಿದ ಮರಿಗಳು ಆರೋಗ್ಯವಾಗಿ ಪೀಳಿಗೆಯಿಂದ ಪೀಳಿಗೆಗೆ ಮುಂದುವರಿಯಬೇಕು. ನಮ್ಮ ಪ್ರಶ್ನೆಯ ತೂಕ ಇರುವುದು ಇಲ್ಲಿ. ಆಯ್ಕೆ ತಪ್ಪಿದರೆ ನಾಲ್ಕಾರು ಪೀಳಿಗೆಗಳಲ್ಲಿ ವಂಶವೇ ಸೊರಗುತ್ತದೆ, ಜನ ಮತ್ತೆ ಕಾಡಿನ ಕಡೆ ಕೈ ಚಾಚುತ್ತಾರೆ.

ಮೊದಲ ದಿನ ಆಯ್ಕೆ ಬೇಡ, ದಾಖಲೆ ಬೇಕು

ಪ್ಯಾಂಥರ್ ಗೋಸುಂಬೆಯ ಹೆಣ್ಣು ಒಂದು ಸೂಲಿಗೆ ಹತ್ತರಿಂದ ನಲವತ್ತರವರೆಗೂ ಮೊಟ್ಟೆ ಇಡಬಲ್ಲದು. ಅವು ಒಡೆಯಲು ಆರು ತಿಂಗಳಿನಿಂದ ಒಂದು ವರ್ಷ ಬೇಕಾಗುತ್ತದೆ. ಹೊರಬಂದ ಮರಿಯ ತೂಕ ಒಂದು ಗ್ರಾಂಗಿಂತ ಕಡಿಮೆ. ಇಷ್ಟು ಹಗುರವಾದ ಜೀವಿಯನ್ನು ತೂಗಲು ಚಿನ್ನದಂಗಡಿಯಲ್ಲಿರುವಂಥ ಸೂಕ್ಷ್ಮ ತಕ್ಕಡಿಯೇ ಬೇಕು.

ಬಲ್ಲವರು ಆ ದಿನ ಯಾವ ಮರಿಯನ್ನೂ ಆರಿಸುವುದಿಲ್ಲ, ಯಾವುದನ್ನೂ ತಳ್ಳಿಹಾಕುವುದಿಲ್ಲ. ಒಂದು ಪುಸ್ತಕ ತೆಗೆದು ಬರೆಯುತ್ತಾರೆ. ತಾಯಿ ಯಾರು, ತಂದೆ ಯಾರು, ಮೊಟ್ಟೆ ಇಟ್ಟ ದಿನ, ಒಡೆದ ದಿನ, ಮರಿಯ ಸಂಖ್ಯೆ, ತೂಕ. ತಂದೆಯ ಹೆಸರು ಬರೆಯುವಾಗ ಎಚ್ಚರ ಬೇಕು. ಹೆಣ್ಣು ಗೋಸುಂಬೆ ಗಂಡಿನ ವೀರ್ಯಾಣುಗಳನ್ನು ದೇಹದೊಳಗೆ ಕಾಪಿಟ್ಟುಕೊಂಡು ಮತ್ತೆ ಕೂಡದೆಯೇ ಇನ್ನೊಂದು ಸೂಲು ಇಡಬಲ್ಲದು. ನಡುವೆ ಬೇರೆ ಗಂಡಿನ ಜೊತೆ ಬಿಟ್ಟಿದ್ದರೆ ಹುಟ್ಟಿದ ಮರಿಯ ತಂದೆ ಯಾರೆಂದು ಖಚಿತವಾಗಿ ಹೇಳಲಾಗದು. ಖಚಿತವಿಲ್ಲದಿದ್ದರೆ ಹಾಗೆಂದೇ ಬರೆಯುವುದು ಒಳ್ಳೆಯ ದಾಖಲೆಯ ಲಕ್ಷಣ.

ಮೊದಲ ಕೆಲವು ವಾರಗಳಲ್ಲಿ ನೋಡಬೇಕಾದದ್ದು ಚೆಂದವಲ್ಲ, ಕ್ಷೇಮ. ಎರಡೂ ಕಣ್ಣುಗಳು ಬೇರೆಬೇರೆ ದಿಕ್ಕಿಗೆ ಚುರುಕಾಗಿ ತಿರುಗುತ್ತವೆಯೇ? ಕಣ್ಣು ಒಳಗೆ ಕುಸಿದಿದ್ದರೆ ನೀರಿನ ಕೊರತೆ ಎಂದರ್ಥ. ನಾಲ್ಕೂ ಪಾದಗಳು ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತವೆಯೇ? ಬಾಲ ನೆಟ್ಟಗೆ ಸುರುಳಿಯಾಗುತ್ತದೆಯೇ, ಎಲ್ಲಾದರೂ ಗಂಟು ಬಿದ್ದಿದೆಯೇ? ಹಣ್ಣಿನ ನೊಣವನ್ನು ಕಂಡಾಗ ನಾಲಗೆ ಗುರಿಯಿಟ್ಟು ಹಾರುತ್ತದೆಯೇ? ನಾಲಗೆ ಗುರಿ ತಪ್ಪುವ ಗೋಸುಂಬೆಗೆ ಕಾಡಿನಲ್ಲಿ ಊಟವಿಲ್ಲ.

ಇಲ್ಲೊಂದು ವಿಷಯವನ್ನು ಗಮನಿಸಿ. 24 ಮರಿಗಳಲ್ಲಿ ಒಂದರ ಕಾಲು ಸೊಟ್ಟಗಿದ್ದರೆ ಅದು ಆ ಮರಿಯ ದೋಷವಿರಬಹುದು. ಹದಿನೈದರ ಕಾಲು ಸೊಟ್ಟಗಾಗಿದ್ದರೆ ತಪ್ಪು ಮರಿಗಳದ್ದಲ್ಲ, ಸಾಕಿದವರದ್ದು ಎಂದು ಮೊದಲು ಅನುಮಾನಿಸಬೇಕು. ಸುಣ್ಣದ ಅಂಶ, ಡಿ-3 ಜೀವಸತ್ವ ಮತ್ತು ಸೂರ್ಯನ ನೇರಳಾತೀತ ಕಿರಣ, ಈ ಮೂರರಲ್ಲಿ ಯಾವುದು ಕಡಿಮೆಯಾದರೂ ಮೂಳೆ ಮೆತ್ತಗಾಗುತ್ತದೆ. ಅಮೆರಿಕದ ಗ್ಯಾರಿ ಫರ್ಗ್ಯುಸನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದಲ್ಲಿ ಡಿ-3 ಕಡಿಮೆ ಸಿಕ್ಕಿದ ಪ್ಯಾಂಥರ್ ಗೋಸುಂಬೆಗಳು ನೇರಳಾತೀತ ದೀಪದ ಕಿರಣಕ್ಕೆ ಹೆಚ್ಚಾಗಿ ಮೈಯೊಡ್ಡಿದವು. ತನಗೇನು ಕಡಿಮೆಯಾಗಿದೆಯೋ ಅದನ್ನು ತುಂಬಿಕೊಳ್ಳಲು ಪ್ರಾಣಿ ಹವಣಿಸುತ್ತದೆ. ಆದರೆ ಗೂಡಿನಲ್ಲಿ ದೀಪವನ್ನೇ ಇಡದಿದ್ದರೆ ಅದು ಏನು ಮಾಡೀತು? ಸಾಕಣೆಯ ತಪ್ಪಿಗೆ ಮರಿಯನ್ನು ತಳ್ಳಿಹಾಕುವುದು ಅನ್ಯಾಯ. ಜೊತೆಗೆ ಲೆಕ್ಕವೂ ತಪ್ಪುತ್ತದೆ.

ದೊಡ್ಡದೆಲ್ಲ ಒಳ್ಳೆಯದೇ?

ಎರಡು ತಿಂಗಳು ಕಳೆದವು ಎನ್ನಿ. ಈಗ ಕೆಲವು ಮರಿಗಳು ದಷ್ಟಪುಷ್ಟವಾಗಿವೆ, ಕೆಲವು ಬಡಕಲಾಗಿವೆ. ದಷ್ಟಪುಷ್ಟವಾದವನ್ನೇ ಉಳಿಸಿಕೊಳ್ಳೋಣವೇ?

ಇದಕ್ಕೆ ಉತ್ತರ ಕೊಟ್ಟವರು ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸನ್. ಅವರು ಪ್ರಯೋಗಕ್ಕೆ ತೆಗೆದುಕೊಂಡದ್ದು ಹುರುಳಿಕಾಯಿಯ ಬೀಜ. ಹುರುಳಿಕಾಯಿ ಗಿಡ ತನ್ನ ಹೂವಿನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ, ಹಾಗಾಗಿ ಒಂದು ಗಿಡದ ಸಂತತಿಯೆಲ್ಲ ಆನುವಂಶಿಕವಾಗಿ ಹೆಚ್ಚುಕಡಿಮೆ ಒಂದೇ. ಅಂಥ ಒಂದು ಶುದ್ಧ ವಂಶದಲ್ಲೂ ದಪ್ಪ ಬೀಜಗಳಿದ್ದವು, ಸಣ್ಣ ಬೀಜಗಳಿದ್ದವು. ಯೊಹಾನ್ಸನ್ ಎರಡನ್ನೂ ಬೇರೆಬೇರೆಯಾಗಿ ಬಿತ್ತಿದರು. ಬೆಳೆ ಬಂದಾಗ ನೋಡಿದರೆ ದಪ್ಪ ಬೀಜದ ಮಕ್ಕಳಿಗೂ ಸಣ್ಣ ಬೀಜದ ಮಕ್ಕಳಿಗೂ ಸರಾಸರಿ ತೂಕದಲ್ಲಿ ವ್ಯತ್ಯಾಸವಿರಲಿಲ್ಲ! ಆ ಬೀಜಗಳು ದಪ್ಪಗಾದದ್ದು ಬಿಸಿಲು, ನೀರು, ಕಾಯಿಯಲ್ಲಿ ಸಿಕ್ಕ ಜಾಗ ಇವುಗಳಿಂದ, ವಂಶದಿಂದಲ್ಲ. 1903ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಣ್ಣಿಗೆ ಕಾಣುವ ರೂಪ ಬೇರೆ, ಒಳಗಿನ ಆನುವಂಶಿಕ ಬಂಡವಾಳ ಬೇರೆ ಎಂದು ಸ್ಪಷ್ಟಪಡಿಸಿದವರು ಅವರೇ. ಇಂದು ನಾವು ಬಳಸುವ 'ಜೀನ್' ಎಂಬ ಪದವನ್ನೂ 1909ರಲ್ಲಿ ಕೊಟ್ಟವರು ಅವರು.

ಗೋಸುಂಬೆಯ ಮರಿಗಳು ಹುರುಳಿಕಾಯಿಯ ಬೀಜಗಳಂತೆ ಒಂದೇ ಅಚ್ಚಿನವಲ್ಲ, ನಿಜ. ಅಕ್ಕತಂಗಿ ಅಣ್ಣತಮ್ಮಂದಿರಲ್ಲೂ ಆನುವಂಶಿಕ ವ್ಯತ್ಯಾಸವಿರುತ್ತದೆ. ಆದರೆ ಕಾಣುವ ವ್ಯತ್ಯಾಸವೆಲ್ಲ ಅದೇ ಅಲ್ಲ. ಎಂಟು ಮರಿಗಳನ್ನು ಒಂದೇ ಗೂಡಿನಲ್ಲಿಟ್ಟರೆ ಒಂದು ದಿನ ಮೊದಲು ಹುಟ್ಟಿದ್ದು ಮೇಲಿನ ಕೊಂಬೆ ಹಿಡಿಯುತ್ತದೆ, ದೀಪದ ಬಿಸಿಯೂ ಅದಕ್ಕೆ, ಮೊದಲ ನೊಣವೂ ಅದಕ್ಕೆ. ಕೆಳಗೆ ಕುಳಿತದ್ದು ಹೆದರಿ ಮೈಬಣ್ಣ ಕಪ್ಪಾಗಿಸಿಕೊಂಡು ಅರೆಹೊಟ್ಟೆಯಲ್ಲಿರುತ್ತದೆ. ತಿಂಗಳ ಕೊನೆಗೆ ಒಂದು ದೊಡ್ಡದು, ಒಂದು ಚಿಕ್ಕದು. ಅದೃಷ್ಟವನ್ನು ನಾವು ಗುಣವೆಂದು ಭಾವಿಸುತ್ತೇವೆ.

ಹಾಗಾದರೆ ಹುಟ್ಟಿದೊಡನೆ ಒಂದೊಂದನ್ನೂ ಬೇರೆಬೇರೆ ಇಟ್ಟರೆ ಸರಿಹೋಯಿತಲ್ಲ? ಅಷ್ಟು ಸುಲಭವಲ್ಲ. ಯೆಮನ್ ಮತ್ತು ಸೌದಿ ಅರೇಬಿಯದ ಮುಸುಕು ಗೋಸುಂಬೆಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂಟಿಯಾಗಿ ಬೆಳೆದ ಮರಿಗಳು ಆಮೇಲೆ ಇತರ ಗೋಸುಂಬೆಗಳೆದುರು ಹೆಚ್ಚು ಅಂಜಿದವು, ಬೇಟೆಯಲ್ಲೂ ಹಿಂದೆ ಬಿದ್ದವು. ಹೀಗಾಗಿ ಮೊದಲ ಕೆಲವು ವಾರ ಸಮಗಾತ್ರದ ಮರಿಗಳನ್ನು ಸಣ್ಣ ಗುಂಪಿನಲ್ಲಿಟ್ಟು, ಒಂದು ಇನ್ನೊಂದನ್ನು ಹತ್ತಿಕ್ಕತೊಡಗಿದಾಗ ಬೇರೆ ಮಾಡುವುದು ವಿವೇಕದ ದಾರಿ. ಹಾಗೆ ಬೇರೆ ಮಾಡಿದ ಮೇಲೆ ಬಡಕಲು ಮರಿ ಸರಸರನೆ ಮೈತುಂಬಿಕೊಂಡರೆ ಅದರ ಕೊರತೆ ವಂಶದ್ದಲ್ಲ, ಜಾಗದ್ದು ಎಂದು ತಿಳಿಯಬೇಕು.

ಒಂದು ಸರಳ ಸೂತ್ರ

ಈ ಮಾತನ್ನು ತಳಿವಿಜ್ಞಾನಿಗಳು ಒಂದು ಗುಣಾಕಾರದಲ್ಲಿ ಹೇಳುತ್ತಾರೆ. ಅಮೆರಿಕದ ಜೇ ಲಷ್ 1937ರಲ್ಲಿ ಬರೆದ ಪಶುತಳಿ ಕುರಿತ ಪುಸ್ತಕದಿಂದ ಈ ವಿಚಾರ ಬಹಳ ಪ್ರಚಾರಕ್ಕೆ ಬಂತು.

ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಹಿಡಿಯೋಣ. ನಾಲ್ಕು ತಿಂಗಳಿನಲ್ಲಿ ಎಲ್ಲ ಮರಿಗಳ ಸರಾಸರಿ ತೂಕ 20 ಗ್ರಾಂ. ನಾವು ಆರಿಸಿದವುಗಳ ಸರಾಸರಿ 26 ಗ್ರಾಂ. ವ್ಯತ್ಯಾಸ 6 ಗ್ರಾಂ. ಈಗ ತೂಕದ ವ್ಯತ್ಯಾಸದಲ್ಲಿ ವಂಶದಿಂದ ಬಂದು ಮಕ್ಕಳಿಗೆ ದಾಟುವ ಪಾಲು ಹತ್ತರಲ್ಲಿ ಮೂರು, ಅಂದರೆ 0.3 ಎಂದಿಟ್ಟುಕೊಳ್ಳಿ. ಮುಂದಿನ ಪೀಳಿಗೆಗೆ ಸಿಗುವ ಲಾಭ 6 × 0.3 = 1.8 ಗ್ರಾಂ ಮಾತ್ರ. ಮಿಕ್ಕ 4.2 ಗ್ರಾಂ ಊಟ, ಬಿಸಿ, ಅದೃಷ್ಟ ಇವುಗಳ ಪಾಲು. ಅದು ಆ ಮರಿಯೊಂದಿಗೇ ಮುಗಿಯುತ್ತದೆ, ಮಕ್ಕಳಿಗೆ ದಾಟುವುದಿಲ್ಲ.

ಈ ಸೂತ್ರದಿಂದ ಇನ್ನೊಂದು ಪಾಠವನ್ನೂ ಕಲಿಯಬಹುದು. ಎಲ್ಲ ಮರಿಗಳಿಗೂ ಒಂದೇ ರೀತಿಯ ಗೂಡು, ಒಂದೇ ರೀತಿಯ ಊಟ ಕೊಟ್ಟಷ್ಟೂ ಪರಿಸರದಿಂದ ಬರುವ ವ್ಯತ್ಯಾಸ ತಗ್ಗುತ್ತದೆ, ಆಗ ಉಳಿದು ಕಾಣುವ ವ್ಯತ್ಯಾಸದಲ್ಲಿ ವಂಶದ ಪಾಲು ಹೆಚ್ಚುತ್ತದೆ. ಎಲ್ಲ ಮರಿಗಳನ್ನೂ ಸಮನಾಗಿ ಸಾಕುವುದು ದಯೆಯ ಕೆಲಸವಷ್ಟೇ ಅಲ್ಲ, ಆಯ್ಕೆ ಸರಿಯಾಗುವುದಕ್ಕೂ ಅದೇ ಆಧಾರ.

ಬಣ್ಣವನ್ನು ಹೇಗೆ ಅಳೆಯುವುದು?

ಮೂರು ನಾಲ್ಕು ತಿಂಗಳಿಗೆ ಗಂಡುಹೆಣ್ಣಿನ ಗುರುತು ಸಿಗುತ್ತದೆ. ಗಂಡಿನ ಬಾಲದ ಬುಡ ಉಬ್ಬಿರುತ್ತದೆ. ಆರು ತಿಂಗಳ ಆಸುಪಾಸಿನಿಂದ ಗಂಡುಗಳಿಗೆ ಬಣ್ಣ ಏರತೊಡಗುತ್ತದೆ, ಪೂರ್ತಿ ಮೈಗೂಡಲು ಇನ್ನೂ ಹಲವು ತಿಂಗಳು. ಬಣ್ಣಕ್ಕಾಗಿ ಆರಿಸುವವರು ಅಲ್ಲಿಯವರೆಗೆ ಕಾಯಲೇಬೇಕು.

ಬಣ್ಣ ಬಂದ ಮೇಲೂ ಅದನ್ನು ನಂಬುವುದು ಹೇಗೆ? ಗೋಸುಂಬೆ ಕುಳಿತ ಎಲೆಯ ಬಣ್ಣಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ ಎಂಬುದು ಜನರ ನಂಬಿಕೆ. ಮಾತು ಬದಲಿಸುವವರನ್ನು ಗೋಸುಂಬೆ ಎಂದು ನಾವು ಬೈಯುವುದೂ ಅದರಿಂದಲೇ. ಆದರೆ ಅದರ ಬಣ್ಣ ಹೆಚ್ಚಾಗಿ ಬದಲಾಗುವುದು ಮನಸ್ಥಿತಿ, ಬಿಸಿ ಮತ್ತು ಬೆಳಕಿನಿಂದ. 2015ರಲ್ಲಿ ಜಿನೀವಾದ ವಿಜ್ಞಾನಿಗಳು ಪ್ಯಾಂಥರ್ ಗೋಸುಂಬೆಯ ಚರ್ಮದಲ್ಲೇ ಇದರ ಗುಟ್ಟನ್ನು ತೋರಿಸಿಕೊಟ್ಟರು. ಚರ್ಮದ ಕೆಲವು ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಸಾಲುಸಾಲಾಗಿ ಜೋಡಣೆಯಾಗಿವೆ. ಪ್ರಾಣಿ ಶಾಂತವಾಗಿದ್ದಾಗ ಹರಳುಗಳು ಒತ್ತೊತ್ತಾಗಿದ್ದು ನೀಲಿ ಬೆಳಕನ್ನು ಹಿಂದಿರುಗಿಸುತ್ತವೆ. ಅದರ ಮೇಲೆ ಚರ್ಮದ ಹಳದಿ ವರ್ಣಕ ಸೇರಿ ಮೈ ಹಸಿರಾಗಿ ಕಾಣುತ್ತದೆ. ಎದುರಾಳಿ ಗಂಡನ್ನು ಕಂಡು ಕೆರಳಿದಾಗ ಹರಳುಗಳ ನಡುವಿನ ಅಂತರ ಹಿಗ್ಗಿ ಹಳದಿ, ಕಿತ್ತಳೆ, ಕೆಂಪು ಬೆಳಕು ಹೊಮ್ಮುತ್ತದೆ.

ಅಂದಮೇಲೆ ಒಂದು ಮರಿ 'ಹೆಚ್ಚು ಕೆಂಪು' ಎಂದರೆ ಏನರ್ಥ? ಅದರ ಜೀನುಗಳಲ್ಲಿ ಕೆಂಪು ಹೆಚ್ಚಿದೆಯೋ, ಆ ಕ್ಷಣಕ್ಕೆ ಸಿಟ್ಟು ಹೆಚ್ಚಿತ್ತೋ? ಕ್ಯಾಮೆರಾದ ಕೆಲಸ ಮಾಡುವ ನನ್ನಂಥವರಿಗೆ ಮೂರನೆಯ ಅನುಮಾನವೂ ಬರುತ್ತದೆ. ಹಳದಿ ದೀಪದ ಕೆಳಗೆ ಎಲ್ಲವೂ ಕೆಂಪೇರುತ್ತದೆ, ಟ್ಯೂಬ್‌ಲೈಟಿನ ಕೆಳಗೆ ನೀಲಿಗೆ ತಿರುಗಬಹುದು. ಸ್ಟುಡಿಯೋದಲ್ಲಿ ಚಿತ್ರೀಕರಣಕ್ಕೆ ಮುಂಚೆ ಒಂದು ಬಿಳಿ ಹಾಳೆಯನ್ನು ಕ್ಯಾಮೆರಾಕ್ಕೆ ತೋರಿಸಿ 'ಇದು ಬಿಳಿ' ಎಂದು ಅದಕ್ಕೆ ಕಲಿಸುವುದು ಇದಕ್ಕಾಗಿಯೇ. ಗೋಸುಂಬೆಗಳನ್ನು ಹೋಲಿಸುವಾಗಲೂ ಇದೇ ಶಿಸ್ತು ಬೇಕು. ಒಂದೇ ದೀಪ, ಒಂದೇ ಹೊತ್ತು, ಒಂದೇ ಬಿಸಿ, ಪಕ್ಕದಲ್ಲಿ ಒಂದೇ ಬೂದು ಅಥವಾ ಬಿಳಿ ಕಾರ್ಡು. ಒಂದು ಚಿತ್ರ ಸಾಲದು, ಶಾಂತವಾಗಿದ್ದಾಗ ಕೆಲವು, ಇನ್ನೊಂದು ಗಂಡನ್ನು ದೂರದಿಂದ ಕ್ಷಣಕಾಲ ಕಂಡಾಗ ಕೆಲವು, ಬೇರೆಬೇರೆ ದಿನಗಳಲ್ಲಿ ತೆಗೆಯಬೇಕು. ಮಾರಾಟಕ್ಕೆಂದು ತೆಗೆದ ಒಂದು ಝಗಝಗಿಸುವ ಚಿತ್ರವನ್ನು ನೋಡಿ ತಳಿ ನಿರ್ಧರಿಸುವುದು, ಮದುವೆಯ ದಿನದ ಫೋಟೋ ನೋಡಿ ಮನುಷ್ಯನನ್ನು ಅಳೆದಂತೆ.

ಬಣ್ಣವಿಲ್ಲದ ಹೆಣ್ಣನ್ನು ಆರಿಸುವುದು ಹೇಗೆ?

ಮರಿಗೆ ಅರ್ಧ ಬಂಡವಾಳ ತಂದೆಯದು, ಅರ್ಧ ತಾಯಿಯದು. ತಾಯಿಯ ಜೀನುಗಳೂ ಗಂಡುಮಕ್ಕಳ ಬಣ್ಣವನ್ನು ನಿರ್ಧರಿಸುತ್ತವೆ, ಆದರೆ ಅವಳ ಮೈಮೇಲೆ ಅದು ಕಾಣುವುದಿಲ್ಲ. ಬಣ್ಣಬಣ್ಣದ ಗಂಡನ್ನೇ ನೋಡಿ ಹೆಣ್ಣನ್ನು ಕಣ್ಣುಮುಚ್ಚಿ ಆರಿಸಿದರೆ ಅರ್ಧ ಲೆಕ್ಕ ಕೈಬಿಟ್ಟಂತೆ.

ಹೈನುಗಾರಿಕೆಯಲ್ಲಿ ಇದೇ ಕಷ್ಟ ತಿರುವುಮುರುವಾಗಿದೆ. ಹೋರಿ ಹಾಲು ಕೊಡುವುದಿಲ್ಲ, ಆದರೆ ಅದರ ಹೆಣ್ಣುಮಕ್ಕಳ ಹಾಲಿನಲ್ಲಿ ಹೋರಿಯ ಪಾಲಿದೆ. ಆದ್ದರಿಂದ ಹೋರಿಯನ್ನು ಅದರ ಮೈಕಟ್ಟಿನಿಂದಲ್ಲ, ತಾಯಿಯ ಹಾಲಿನಿಂದ, ಅಕ್ಕತಂಗಿಯರ ಹಾಲಿನಿಂದ, ಕೊನೆಗೆ ಹೆಣ್ಣುಮಕ್ಕಳ ಹಾಲಿನಿಂದ ಅಳೆಯುತ್ತಾರೆ. ಗೋಸುಂಬೆಯ ಹೆಣ್ಣನ್ನೂ ಹಾಗೆಯೇ ಅವಳ ತಂದೆಯಿಂದ, ಅಣ್ಣತಮ್ಮಂದಿರಿಂದ, ಮುಂದೆ ಗಂಡುಮಕ್ಕಳಿಂದ ಅಳೆಯಬೇಕು. ಇದಕ್ಕಾಗಿ ಗಂಡು ಮರಿಗಳಲ್ಲಿ ಒಂದೆರಡನ್ನಲ್ಲ, ಸಾಧ್ಯವಾದಷ್ಟನ್ನು ಬಣ್ಣ ಬರುವವರೆಗೆ ನೋಡಬೇಕು. ಒಬ್ಬ ಅಣ್ಣ ಅಪರೂಪದ ಚೆಲುವನಾಗಿ ಮಿಕ್ಕವರೆಲ್ಲ ಸಾಧಾರಣವಾಗಿರುವ ಸೂಲಿಗಿಂತ, ಎಲ್ಲರೂ ಚೆನ್ನಾಗಿರುವ ಸೂಲಿನ ತಂಗಿಯನ್ನು ಉಳಿಸಿಕೊಳ್ಳುವುದು ಮೇಲು.

ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ

ಬಣ್ಣವೊಂದನ್ನೇ ಹಿಡಿದು ಹೊರಟರೆ ಏನಾಗಬಹುದು? ಪಶ್ಚಿಮ ಆಫ್ರಿಕದ ಬಾಲ್ ಹೆಬ್ಬಾವು ಇದಕ್ಕೆ ಎಚ್ಚರಿಕೆಯ ಉದಾಹರಣೆ. ಸಾಕುವವರು ಅದರಲ್ಲಿ 'ಸ್ಪೈಡರ್' ಎಂಬ, ಜೇಡರ ಬಲೆಯಂಥ ಗೆರೆಗಳ ತಳಿಯನ್ನು ಬೆಳೆಸಿದರು, ಅದು ತುಂಬ ಜನಪ್ರಿಯವಾಯಿತು. ಆದರೆ ಆ ಹಾವುಗಳ ತಲೆ ನಡುಗುತ್ತದೆ, ಕೆಲವು ಮಗುಚಿ ಬೀಳುತ್ತವೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವುಗಳ ಒಳಗಿವಿಯಲ್ಲಿ ಸಮತೋಲನ ಕಾಯುವ ಭಾಗವೇ ಸರಿಯಾಗಿ ರೂಪುಗೊಂಡಿಲ್ಲ ಎಂದು ತೋರಿಸಿತು. ಅಂದದ ಗೆರೆಯೂ ಆ ನಡುಕವೂ ಒಟ್ಟಿಗೇ ಬರುತ್ತವೆ. ಗೆರೆಯನ್ನು ಆರಿಸಿದವರು ಗೊತ್ತಿಲ್ಲದೆಯೋ ಗೊತ್ತಿದ್ದೋ ನಡುಕವನ್ನೂ ಆರಿಸಿದಂತಾಯಿತು. ನರಳುವುದು ಮಾತ್ರ ಹಾವು.

ಆದ್ದರಿಂದ ಬಣ್ಣ ನೋಡುವುದಕ್ಕೆ ಮೊದಲು ಒಂದು ಜರಡಿ ಇರಬೇಕು. ಕಣ್ಣು, ನಾಲಗೆ, ಹಿಡಿತ, ಮೂಳೆ, ಹಸಿವು ಇವುಗಳಲ್ಲಿ ಕೊರತೆಯಿರುವ ಮರಿ, ಅದೆಷ್ಟೇ ಬಣ್ಣದ್ದಾಗಿದ್ದರೂ ತಳಿಗೆ ಬೇಡ. ಈ ಜರಡಿಯಲ್ಲಿ ಉಳಿದವುಗಳ ನಡುವೆ ಮಾತ್ರ ಬಣ್ಣದ ಪ್ರಶ್ನೆ.

ಒಂದೊಂದನ್ನಲ್ಲ, ಒಟ್ಟನ್ನು ಆರಿಸಬೇಕು

ಇಲ್ಲಿಯವರೆಗೆ ನಾವು ಒಂದೊಂದು ಮರಿಯ ಗುಣದ ಮಾತಾಡಿದೆವು. ಆದರೆ ನಾಲ್ಕು ಅತ್ಯುತ್ತಮ ಮರಿಗಳು ಸೇರಿದರೆ ಅತ್ಯುತ್ತಮ ನಾಲ್ಕು ಆಗುತ್ತದೆಯೇ? ಆಗಲೇಬೇಕೆಂದಿಲ್ಲ.

ಒಂದೇ ಸೂಲಿನ ಅಣ್ಣತಂಗಿಯರನ್ನು ಕೂಡಿಸಿದರೆ, ಹುಟ್ಟುವ ಮರಿಯ ಯಾವುದೇ ಒಂದು ಜೀನಿನ ಎರಡೂ ಪ್ರತಿಗಳು ಒಂದೇ ಪೂರ್ವಜನಿಂದ ಬಂದಿರುವ ಸಂಭವ ನೂರಕ್ಕೆ 25. ಇದನ್ನೇ ಮುಂದುವರಿಸಿದರೆ ಎರಡನೆಯ ಪೀಳಿಗೆಗೆ 37.5, ಮೂರನೆಯದಕ್ಕೆ 50. ಮರೆಯಲ್ಲಿದ್ದ ದೋಷಗಳೆಲ್ಲ ಆಗ ಹೊರಬೀಳುತ್ತವೆ. ಮೊಟ್ಟೆ ಒಡೆಯುವುದು ಕಡಿಮೆಯಾಗಬಹುದು, ಮರಿಗಳು ಬದುಕುವುದು ಕಡಿಮೆಯಾಗಬಹುದು.

1931ರಲ್ಲಿ ಸ್ಯೂಯಲ್ ರೈಟ್ ಎಂಬ ಅಮೆರಿಕದ ವಿಜ್ಞಾನಿ ಇದಕ್ಕೊಂದು ಲೆಕ್ಕ ಕೊಟ್ಟರು. ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಆ ಗುಂಪಿನ 'ಪರಿಣಾಮಕಾರಿ ಸಂಖ್ಯೆ' ಸಿಗುತ್ತದೆ. ಒಬ್ಬ ಚೆಲುವ ಗಂಡಿಗೆ ಒಂಬತ್ತು ಹೆಣ್ಣು ಕೊಟ್ಟರೆ 4 × 1 × 9 ÷ 10 = 3.6. ಹತ್ತು ಪ್ರಾಣಿಗಳಿವೆ, ಆದರೆ ವಂಶದ ಲೆಕ್ಕದಲ್ಲಿ ನಾಲ್ಕೂ ಇಲ್ಲ! ಐದು ಗಂಡು ಐದು ಹೆಣ್ಣಾದರೆ 4 × 5 × 5 ÷ 10 = 10. ಮೊದಲ ಗುಂಪು ಪ್ರತಿ ಪೀಳಿಗೆಗೆ ತನ್ನ ಆನುವಂಶಿಕ ವೈವಿಧ್ಯದ ಸುಮಾರು ನೂರಕ್ಕೆ 14ನ್ನು ಕಳೆದುಕೊಳ್ಳುತ್ತದೆ, ಎರಡನೆಯದು ನೂರಕ್ಕೆ 5ನ್ನು ಮಾತ್ರ. ಒಮ್ಮೆ ಕಳೆದ ವೈವಿಧ್ಯವನ್ನು ಹೊರಗಿನಿಂದ ಹೊಸ ರಕ್ತ ತರದೆ ಮರಳಿ ಪಡೆಯಲಾಗದು.

ಮೃಗಾಲಯಗಳು ಅಪರೂಪದ ಪ್ರಾಣಿಗಳಿಗೆ ವಂಶಾವಳಿಯ ಪುಸ್ತಕ ಇಟ್ಟು, ಗುಂಪಿನಲ್ಲಿ ಯಾವುದಕ್ಕೆ ನೆಂಟರು ಕಡಿಮೆಯೋ ಅದಕ್ಕೇ ಮರಿ ಮಾಡುವ ಮೊದಲ ಅವಕಾಶ ಕೊಡುವುದು ಇದರಿಂದಲೇ. ಅಲ್ಲಿ ಪ್ರತಿ ಸಂಸಾರದಿಂದಲೂ ಸಮನಾದ ಸಂಖ್ಯೆ ಮುಂದುವರಿಯುವಂತೆ ನೋಡಿಕೊಳ್ಳುತ್ತಾರೆ.

ಈಗ ನಮ್ಮ ಪ್ರಶ್ನೆಗೆ ಮರಳೋಣ. 24ರಲ್ಲಿ ಯಾವ ನಾಲ್ಕು? ಒಂದೇ ಸೂಲಿನಿಂದ ನಾಲ್ಕನ್ನು ಆರಿಸುವುದೇ ಬೇಡ ಎಂಬುದು ಸರಿಯಾದ ಉತ್ತರ. ಈ ಸೂಲಿನಿಂದ ಆರೋಗ್ಯದ ಜರಡಿಯಲ್ಲಿ ಉಳಿದ ಒಂದು ಗಂಡು, ಒಂದು ಹೆಣ್ಣು. ನೆಂಟಸ್ತಿಕೆಯಿಲ್ಲದ ಇನ್ನೊಂದು ಸೂಲಿನಿಂದ ಇನ್ನೊಂದು ಗಂಡು, ಒಂದು ಹೆಣ್ಣು. ಇಲ್ಲಿಯ ಗಂಡು ಅಲ್ಲಿಯ ಹೆಣ್ಣಿಗೆ, ಅಲ್ಲಿಯ ಗಂಡು ಇಲ್ಲಿಯ ಹೆಣ್ಣಿಗೆ. ಎರಡೂ ಸೂಲುಗಳು ಒಂದೇ ಊರಿನ ವಂಶದವಾಗಿರಬೇಕು. 11 ಜಾತಿಗಳಿರಬಹುದಾದ ಕಡೆ ನೋಸಿ ಬೆಯ ಗಂಡಿಗೆ ಅಂಬಿಲೋಬೆಯ ಹೆಣ್ಣು ತಂದರೆ ಎರಡು ವಂಶವೂ ಕಲಸಿಹೋಗುತ್ತವೆ. ಹೆಣ್ಣಿನ ಊರು ಮೈಮೇಲೆ ಬರೆದಿಲ್ಲವಾದ್ದರಿಂದ ಮೊದಲ ದಿನ ಬರೆದಿಟ್ಟ ಪುಸ್ತಕವೊಂದೇ ಇಲ್ಲಿ ಸಾಕ್ಷಿ.

ಉಳಿದವುಗಳ ಗತಿ

ಆರಿಸದೆ ಉಳಿದವು ಕೀಳಲ್ಲ, ಅವಕ್ಕೂ ಜೀವವಿದೆ. ತಳಿಗೆ ಬೇಡವಾದ ಮರಿಯೂ ಚೆನ್ನಾಗಿ ನೋಡಿಕೊಳ್ಳುವ ಮನೆಯಲ್ಲಿ ತನ್ನ ಆಯುಸ್ಸನ್ನು ನೆಮ್ಮದಿಯಿಂದ ಕಳೆಯಬಲ್ಲದು. ಅಷ್ಟು ಮನೆಗಳು ಸಿಗುವುದಿಲ್ಲವೆಂದರೆ ಅಷ್ಟು ಮೊಟ್ಟೆ ಒಡೆಸುವುದೇ ಸರಿಯಲ್ಲ. ಆಯ್ಕೆ ಮರಿ ಹುಟ್ಟಿದ ಮೇಲೆ ಅಲ್ಲ, ಜೋಡಿ ಕೂಡಿಸುವ ಮೊದಲೇ ಆರಂಭವಾಗಬೇಕು.

ಬೇಡವೆಂದು ಹೊರಗೆ ಬಿಡುವುದಂತೂ ಸಲ್ಲದು. 1972ರಲ್ಲಿ ಹವಾಯಿಯ ಓವಾಹು ದ್ವೀಪದಲ್ಲಿ, ಕೀನ್ಯಾದಿಂದ ಬಂದು ಬಳಲಿದ್ದ ಜಾಕ್ಸನ್ ಗೋಸುಂಬೆಗಳನ್ನು ಸುಧಾರಿಸಿಕೊಳ್ಳಲೆಂದು ಹಿತ್ತಲಲ್ಲಿ ಬಿಡಲಾಯಿತು. ಅವು ತಪ್ಪಿಸಿಕೊಂಡು ಹಬ್ಬಿ ಅಲ್ಲಿನ ಸ್ಥಳೀಯ ಬಸವನಹುಳು ಮತ್ತು ಕೀಟಗಳಿಗೆ ಕಂಟಕವಾದವು.

ನಮ್ಮ ನಾಡಿನ ಗೋಸುಂಬೆಯ ಬಗ್ಗೆ ಒಂದು ಮಾತು. ಭಾರತದಲ್ಲಿರುವುದು ಒಂದೇ ಜಾತಿ, ಕಮಿಲಿಯೋ ಝೈಲಾನಿಕಸ್. ಬೇಲಿಯಲ್ಲಿ, ತೋಟದಲ್ಲಿ ನೀವು ಕಂಡಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಪ್ರಾಣಿ, ಹಿಡಿಯುವುದೂ ಸಾಕುವುದೂ ಅಪರಾಧ. ಸೈಟಿಸ್ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳೂ ಈ ಕಾಯ್ದೆಯ 2022ರ ತಿದ್ದುಪಡಿಯ ನಂತರ ನೋಂದಣಿಯ ನಿಯಮಕ್ಕೆ ಒಳಪಟ್ಟಿವೆ. ಆದ್ದರಿಂದ ಈ ಲೇಖನ ಗೋಸುಂಬೆ ಸಾಕಲು ಆಹ್ವಾನವಲ್ಲ.

ನೀವೇ ಮಾಡಿ ನೋಡಿ

ಕಾನೂನಿನ ತೊಡಕಿಲ್ಲದ ಪ್ರಯೋಗವೊಂದು ನಿಮ್ಮ ಹಿತ್ತಲಲ್ಲೇ ಇದೆ. ಒಂದೇ ಒಂದು ಅಲಸಂದೆ ಗಿಡದ ಕಾಳುಗಳನ್ನು ಒಣಗಿಸಿ, ಅತ್ಯಂತ ದಪ್ಪನೆಯ ಹತ್ತು ಮತ್ತು ಅತ್ಯಂತ ಸಣ್ಣ ಹತ್ತನ್ನು ಬೇರೆ ಮಾಡಿ. ಎರಡನ್ನೂ ಒಂದೇ ಮಣ್ಣಿನಲ್ಲಿ, ಒಂದೇ ಅಂತರದಲ್ಲಿ, ಒಂದೇ ದಿನ ಬಿತ್ತಿ. ಮೊದಮೊದಲು ದಪ್ಪ ಕಾಳಿನ ಸಸಿ ಜೋರಾಗಿ ಕಾಣಬಹುದು. ಅವಸರಪಡಬೇಡಿ. ಕಾಯಿ ಬಲಿತ ಮೇಲೆ ಎರಡೂ ಸಾಲಿನಿಂದ ನೂರು ನೂರು ಕಾಳು ತೂಗಿ ಬರೆದುಕೊಳ್ಳಿ. ಆಮೇಲೆ ಬೇರೆಬೇರೆ ಊರುಗಳಿಂದ ತಂದ ಅಲಸಂದೆಯಲ್ಲಿ ಇದೇ ಪ್ರಯೋಗ ಮಾಡಿ, ಎರಡು ಫಲಿತಾಂಶಗಳನ್ನು ಪಕ್ಕಪಕ್ಕ ಇಡಿ. ಯಾವ ವ್ಯತ್ಯಾಸ ವಂಶದ್ದು, ಯಾವುದು ಮಣ್ಣಿನದು ಎಂದು ನಿಮ್ಮ ತಕ್ಕಡಿಯೇ ಹೇಳುತ್ತದೆ.